ಗುಡುಗು ಹಾಡಿದ ಟೇಪು

ಜೂನ್ 3, ಸೋಮವಾರ. ಬೆಳಿಗ್ಗೆ 11

ಕಾಲೇಜಿನ ಸಭಾಂಗಣ. ಎರಡೂ ಮೈಕ್ ಚೆಕ್ ಮಾಡಿದ್ದಾಯಿತು. ಪ್ರಿನ್ಸಿಪಾಲರು ಮೈಕನ್ನು ನುಂಗುವ ಹಾಗೆ ಮಾತಾಡುತ್ತಾರೆ, ವಾಲ್ಯೂಮ್ ಅರ್ಧಕ್ಕಿಳಿಸಿಟ್ಟೆ. ಹಿಂದಿನ ಸಾಲಿಗೆ ಕೇಳದಿದ್ದರೂ ಯಾರಿಗೂ ನಷ್ಟವಿಲ್ಲ.

ಭಾಷಣದ ನಡುವೆ ಫೋನು. ನಮ್ಮ ಹಳೇ ಬ್ಯಾಂಡಿನ ಡ್ರಮ್ಮರ್. ಈಗ ಇನ್ಶೂರೆನ್ಸ್ ಮಾರುತ್ತಾನೆ, ಅದಕ್ಕೇ ಇರಬೇಕೆಂದು ಕಟ್ ಮಾಡಿದೆ. ಮೂರನೇ ಸಲ ಎತ್ತಿದೆ.

"ಗುಡುಗು ಹೋಗ್ಬಿಟ್ಟ ಕಣೋ."

ಮೈಕು ಕೀ ಎಂದು ಕಿರುಚಿತು. ಎಲ್ಲರೂ ನನ್ನ ಕಡೆ ತಿರುಗಿದರು. ಯಾವ ಗುಂಡಿ ತಿರುಗಿಸಬೇಕೆಂದೇ ತೋಚಲಿಲ್ಲ.

ಜೂನ್ 4

ಫೋನಿನ ತುಂಬ ನಮ್ಮ ಹಾಡುಗಾರ ಗುಡುಗು. 'ರಾಕ್ ಯುಗ ಮುಗಿಯಿತು' ಅಂತೆ. ಮುಗಿದು ಇಪ್ಪತ್ತು ವರ್ಷವಾಯಿತು, ಇವರಿಗೆ ಈಗ ಸುದ್ದಿ ಮುಟ್ಟಿದೆ. ಒಬ್ಬ ಮಹಾಶಯ ಹಾಕಿರುವ ಫೋಟೋದಲ್ಲಿರುವುದು ಅವನೇ ಅಲ್ಲ, ನಮ್ಮ ಬಾಸ್ ಗಿಟಾರಿನವನು.

ಆಗ ಊರಲ್ಲಿ ನಾಲ್ಕು ಬ್ಯಾಂಡ್. ನಮ್ಮ ಸ್ಟುಡಿಯೋ ಟೈಲರ್ ಅಂಗಡಿಯ ನೆಲಮಾಳಿಗೆ — ಟೈಲರ್‌ಗೆ ರಜೆ ಇದ್ದ ದಿನ ಮಾತ್ರ ರೆಕಾರ್ಡಿಂಗ್. ಗೋಡೆಗೆ ಹಳೇ ಹಾಸಿಗೆ ಹೊಡೆದಿದ್ದೆವು. ಗುಡುಗು ಗಂಟಲು ಬಿಟ್ಟರೆ ಹತ್ತಿ ಉದುರುತ್ತಿತ್ತು. ಈಗ ಅಲ್ಲಿ ಜಿಮ್. ಹಾಡು ಹಾಕುತ್ತಾರೆ... ಎಲ್ಲಕ್ಕೂ ಒಂದೇ ತಾಳ.

ಅಳು ಬರಲಿಲ್ಲ. ಊಟವೂ ಸೇರಲಿಲ್ಲ.

ಜೂನ್ 6, ಸಂಜೆ

ಅವನ ತಂಗಿ ಫೋನ್ ಮಾಡಿದ್ದಳು.

"ಅಣ್ಣಾ, ಅಮ್ಮನ ಮೇಲೆ ಒಂದು ಹಾಡು ಮಾಡಿದ್ನಂತಲ್ಲ. ನಿಮ್ಹತ್ರ ಇದೆಯಾ?"

ಇದೆ ಎಂದೆ. ಮಗ ಗಿಟಾರ್ ಹಿಡಿದು ಮನೆ ಬಿಟ್ಟ ಮೇಲೆ ಆ ತಾಯಿ ಅವನ ಒಂದು ಹಾಡನ್ನೂ ಕೇಳಿದವರಲ್ಲ. ರೇಡಿಯೋದಲ್ಲಿ ಬಂದರೆ ಎದ್ದು ಹೋಗಿ ಆರಿಸುತ್ತಿದ್ದರಂತೆ.

"ಈಗ ಅವಳೇ ಕೇಳ್ತಿದಾಳೆ. ಮೂರು ದಿನದಿಂದ ಅದೊಂದೇ ಮಾತು. ಹದಿನಾರಕ್ಕೆ ಕರ್ಕೊಂಡು ಬರ್ಲಾ?"

ಬನ್ನಿ ಎಂದೆ. ಹಾಡು ಎಲ್ಲೂ ಬಿಡುಗಡೆಯಾಗಿಲ್ಲ. ಇರುವುದು ಒಂದೇ ಟೇಪ್ ಸುರುಳಿ, ನಮ್ಮ ಅಟ್ಟದ ಮೇಲೆ.

ಜೂನ್ 8

ಡಬ್ಬಿ ಸಿಕ್ಕಿತು. ಮೇಲೆ ನನ್ನದೇ ಅಕ್ಷರ: 'ಗುಡುಗು — ಅಮ್ಮ'. ಅದಕ್ಕೊಂದು ಅಡ್ಡಗೀಟು. ಕೆಳಗೆ 'ಸೋಪ್ ಜಾಹೀರಾತು'. ಗೀಟೂ ನನ್ನದೇ.

ಟೇಪ್ ಸಿಗದ ಕಾಲ. ಒಂದರ ಮೇಲೊಂದು ರೆಕಾರ್ಡ್ ಮಾಡುತ್ತಿದ್ದೆವು. ಇವನೇನು ಎಲ್ಲಿ ಹೋಗ್ತಾನೆ, ಇನ್ನೊಮ್ಮೆ ಹಾಡಿಸಿದರಾಯಿತು ಅಂದುಕೊಂಡಿದ್ದೆ. ಹಾಡಿಸಲಿಲ್ಲ. ಅಳಿಸಿದ್ದೇನೆಂದು ಅವನಿಗೆ ಹೇಳಲೂ ಇಲ್ಲ. ಕಾಲಾಂತರದಲ್ಲಿ ನನಗೇ ಮರೆತುಹೋಗಿದೆ. ಥೂ ನನ್ನ ಜನ್ಮಕ್ಕೆ.

ಜೂನ್ 9, ಭಾನುವಾರ

ಕೊನೆಯಲ್ಲಿ ಚೂರಾದರೂ ಉಳಿದಿರಬಹುದು ಎಂಬ ಆಸೆ. ಹಳೇ ಟೇಪು ತೇವ ಹೀರಿ ಅಂಟಾಗಿರುತ್ತದೆ, ಹಾಗೇ ಓಡಿಸಿದರೆ ಮೇಲಿನ ಲೇಪ ಕಿತ್ತುಬರುತ್ತದೆ. ಸಣ್ಣ ಕಾವಿನಲ್ಲಿ ಎಂಟು ಗಂಟೆ ಇಟ್ಟರೆ ಒಂದು ಸಲ ಓಡೀತು. ಹೆಂಡತಿಯ ಕೇಕಿನ ಓವನ್ನಿಗೆ ಹಾಕಿದೆ.

"ಟೇಪು ಬೇಯಿಸ್ತಿದೀರಾ? ಉಪ್ಪು ಹಾಕ್ಲಾ?" ಎಂದಳು. ನನ್ನ ಮುಖ ನೋಡಿ ಓವನ್ನಿನ ಬಾಗಿಲು ಮೆಲ್ಲಗೆ ಮುಚ್ಚಿದಳು.

ಸಂಜೆ 5. ಕಂಪ್ಯೂಟರಿಗೆ ರೆಕಾರ್ಡಿಂಗ್ ಹಚ್ಚಿ ಟೇಪು ಓಡಿಸಿದೆ. ಸೋಪು. ಮತ್ತೆ ಸೋಪು. ಮೂರನೇ ಸೋಪಿಗೆ ರೋಸಿಹೋಗಿ ರೆಕಾರ್ಡಿಂಗ್ ನಿಲ್ಲಿಸಿದೆ. ಟೇಪು ಓಡುತ್ತಲೇ ಇತ್ತು. ಸುರುಳಿ ಕಳಚುವವರೆಗೆ ರೆಕಾರ್ಡ್ ನಿಲ್ಲಿಸಬೇಡಿ ಎಂದು ಹೊಸಬರಿಗೆಲ್ಲ ಮೂವತ್ತು ವರ್ಷ ಬೈದವನು ನಾನು.

ಸೋಪು ಮುಗಿಯಿತು. ಟಕ್. ಗಿಟಾರಿನ ಕೊನೆಯ ಮೀಟು. ಅವನ ಏದುಸಿರು.

"ಇದನ್ನ ಅಮ್ಮಂಗೆ ಕೇಳಿಸ್ಬೇಕು ಸೌಂಡಪ್ಪ. ಭದ್ರವಾಗಿಡು."

ನನ್ನ ದನಿ: "ಆಯ್ತು ಬಿಡೋ."

ಹಿಂದಕ್ಕೆ ಸುತ್ತಿ, ರೆಕಾರ್ಡ್ ಒತ್ತಿ, ಮತ್ತೆ ಓಡಿಸಿದೆ... ಯಂತ್ರದ ಹೆಡ್ಡಿನ ಮೇಲೆ ಟೇಪಿನ ಲೇಪದ ಕಂದು ಪುಡಿ. ಬರೀ ಸ್ಸ್ ಎನ್ನುವ ಸದ್ದು.

ಆಗ ಅತ್ತುಬಿಟ್ಟೆ. ಇವಳು ಒಳಗೆ ಬರಲಿಲ್ಲ. ಅಡುಗೆಮನೆಯಲ್ಲಿ ಓವನ್ ಒರೆಸುತ್ತಿದ್ದಳು.

ಜೂನ್ 14

ತಂಗಿ ನಾಲ್ಕು ಸಲ ಫೋನ್ ಮಾಡಿದಳು. ಎತ್ತಲಿಲ್ಲ.

ಹಾಡಿನ ಮಾತುಗಳನ್ನಾದರೂ ಬರೆದುಕೊಡೋಣವೆಂದು ಕೂತೆ. ಸದ್ದಿನ ಮೀಟರಿನ ಸೂಜಿ ಎಲ್ಲಿ ಕೆಂಪಿಗೆ ಹೋಯಿತೆಂದು ನೆನಪಿದೆ. ಎರಡನೇ ಚರಣದಲ್ಲಿ ಮೈಕಿನಿಂದ ಒಂದು ಗೇಣು ಹಿಂದೆ ಸರಿದದ್ದು ನೆನಪಿದೆ. ಏನು ಹಾಡಿದ — ಒಂದು ಪದವೂ ಇಲ್ಲ. ಡ್ರಮ್ಮರನ್ನು ಕೇಳಿದೆ.

"ನಂಗೆ ತಾಳ ಬಿಟ್ರೆ ಏನ್ ಗೊತ್ತೋ?"

ಜೂನ್ 16, ಭಾನುವಾರ. ಮಧ್ಯಾಹ್ನ

ಬಂದು ಹೋದರು. ಆ ತಾಯಿ ಕೋಲೂರಿಕೊಂಡು ಎರಡು ಮಹಡಿ ಹತ್ತಿದ್ದರು. ಕೂತವರೇ ಕಿವಿಯ ಮಿಷನ್ ಸರಿಮಾಡಿಕೊಂಡರು.

ಎಲ್ಲ ಹೇಳಿದೆ. ಗೀಟು, ಸೋಪು, ಪುಡಿ. ಅವನು ಕೊನೆಯಲ್ಲಿ ಆಡಿದ ಮಾತನ್ನೂ ಹೇಳಿದೆ. ತಂಗಿ ಮುಖ ತಿರುಗಿಸಿದಳು. ತಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೋಗ್ಲಿ ಬಿಡಪ್ಪ. ಹಾಡುವಾಗ ನೀನು ಅಲ್ಲೇ ಇದ್ಯಲ್ಲ, ನೀನೇ ಹೇಳು. ನನ್ನ ಬೈದಿದ್ನಾ?"

"ಇಲ್ಲಮ್ಮ."

"ಮತ್ತೇನಂದಿದ್ದ?"

ನನ್ನ ಬಾಯನ್ನೇ ನೋಡುತ್ತಿದ್ದರು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. "ಕದ ತೆಗೆದಿಡು ಅಮ್ಮಾ, ನಾ ಬರೋದು ಸ್ವಲ್ಪ ತಡ... ಅಂತಿತ್ತು," ಎಂದುಬಿಟ್ಟೆ. ಎಲ್ಲಿಂದ ಬಂತೋ.

"ಬರ್ಕೊಳ್ಳೇ," ಎಂದರು ಮಗಳಿಗೆ. ಅವಳು ಬರೆದುಕೊಂಡಳು. ತಾಯಿ ಚೀಟಿಯನ್ನು ಮಡಿಸಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡರು. ಮೆಟ್ಟಿಲಿಳಿಯುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದರು.

ಅವರು ಹೋದಾಗಿನಿಂದ ಕಣ್ಣು ಮುಚ್ಚಿ ಕೂತಿದ್ದೇನೆ. ನೆಲಮಾಳಿಗೆ, ಹಾಸಿಗೆ, ಸೂಜಿ, ಮೈಕಿನ ಮುಂದೆ ಗುಡುಗು. ಎಲ್ಲ ಕಾಣುತ್ತದೆ. ಅವನು ಬಾಯಿ ತೆರೆಯುತ್ತಾನೆ, ಆದರೆ ಬರುವುದು ಬರೀ ನನ್ನ ಆ ಕದದ ಸಾಲು.