ಶಫೀಸಾಬರ ಡೇರೆಯಲ್ಲಿ ಹಾಡಿಲ್ಲದ ಪಿಕ್ಚರು

೩ ಫೆಬ್ರವರಿ ೧೯೪೨, ಮಂಗಳವಾರ. ಕೊಪ್ಪಳ

ಇವತ್ತೂ ಡೇರೆಗೆ ಹೋದೆ. ಮತ್ತದೇ ಪಿಕ್ಚರು. ರಾಜಕುಮಾರನ ಎದೆಗೆ ಕತ್ತಿ ನೆಟ್ಟಿದೆ, ಆದರೂ ಹಾಡು ಪೂರ್ತಿ ಮುಗಿಸಿಯೇ ಕಣ್ಣು ಮುಚ್ಚುತ್ತಾನೆ. ಜನ ‘ಒನ್ಸ್ ಮೋರ್’ ಎಂದರು. ರೀಲು ಹಿಂದಕ್ಕೆ ಸುತ್ತಿದರು, ಸತ್ತವನು ಎದ್ದು ಮತ್ತೆ ಹಾಡಿದ. ಥೂ! ನಾಟಕದ ಮುಂದೆ ಕ್ಯಾಮೆರಾ ಇಟ್ಟರೆ ಸಿನಿಮಾ ಆಗಿಬಿಡುತ್ತದೆಯೇ?

ಕಚೇರಿಯಲ್ಲಿ ಉರ್ದು ಕಾಗದ ನಕಲು ಮಾಡುವಾಗಲೂ ಇದೇ ಯೋಚನೆ. ಸಾಲು ತಪ್ಪಿತು. ಪೇಶಕಾರರು ಬೈದರು. ಬೈಯಲಿ.

೬ ಫೆಬ್ರವರಿ, ಶುಕ್ರವಾರ

ಕಚೇರಿಗೆ ರಜೆ. ಆಟ ಮುಗಿದ ಮೇಲೆ ಡೇರೆಯ ಮಾಲೀಕ ಶಫೀಸಾಬರು ಹಳೆಯ ಟ್ರಂಕು ತೆರೆದು ಒಂದು ವಿಲಾಯಿತಿ ಮೂಕಿ ಪಿಕ್ಚರು ಹಾಕಿ ತೋರಿಸಿದರು. ಹೆಸರಿನ ತುಂಡೇ ಹರಿದುಹೋಗಿದೆ. ಹಿಮದ ಊರು. ಒಬ್ಬ ಮುದುಕಿ ಉಣ್ಣೆ ನೂಲುತ್ತಾಳೆ. ಮಗ ಬೆಟ್ಟ ಹತ್ತಿ ಹೋಗುತ್ತಾನೆ. ಅವಳು ನೂಲುತ್ತಲೇ ಇರುತ್ತಾಳೆ. ಕೊನೆಗೆ ಕೈ ನಿಲ್ಲುತ್ತದೆ. ಅಷ್ಟೇ... ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದಿಲ್ಲ. ಏನೂ ಆಗುವುದಿಲ್ಲ, ಆದರೂ ನನಗೆ ಕಣ್ಣು ಕೀಳಲಾಗಲಿಲ್ಲ. ಇದು ಸಿನಿಮಾ!

“ಇದನ್ನ ಜನಕ್ಕ ತೋರಸ್ರಿ” ಎಂದೆ.

“ಹುಚ್ಚ ಹಿಡದೈತೇನಪಾ ಓಬಳೆಪ್ಪ? ಹಾಡಿಲ್ಲ, ಫೈಟಿಂಗ್ ಇಲ್ಲ. ಜನ ಡೇರೆ ಹರದು ಹಾಕ್ತಾರ. ತೋರಸೂದಾದ್ರ ನೀ ಬಾಯಿಗೆ ತಗಡಿನ ಭೋಂಗಾ ಹಿಡದು ಒದರಿ ಕತಿ ಹೇಳಬೇಕು, ಮೊದಲ ಮೂಕಿಗೆ ಹೇಳತಿದ್ರಲ್ಲ, ಹಂಗ.”

“ಬ್ಯಾಡ್ರಿ. ಯಾರೂ ಬಾಯಿ ಬಿಡಬಾರದು.”

ಶಫೀಸಾಬರು ಗಡ್ಡ ನೀವಿಕೊಂಡರು. “ಗುರುವಾರ ಒಂದ ಆಟ ಹಾಕ್ತೀನಿ. ಜನ ಕೊನೀತನಕ ಕುಂತ್ರ ನೀ ನನ್ನ ಕೂಡ ಬಾ. ಕುಷ್ಟಗಿ, ಯಲಬುರ್ಗಾ, ಗಂಗಾವತಿ... ನೀ ಆರಿಸಿದ್ದ ಪಿಕ್ಚರು. ಎದ್ದು ಹೋದ್ರ ನೀ ನಿನ್ನ ಕಚೇರಿಗೆ, ನಾ ನನ್ನ ದಾರಿಗೆ.”

೮ ಫೆಬ್ರವರಿ, ಭಾನುವಾರ

ಹೆಂಡತಿ ಯಮನೂರಮ್ಮನಿಗೆ ಹೇಳಿದೆ. ನೌಕರಿ ಬಿಡುವ ಮಾತಿಗೆ ಸಿಟ್ಟಾದಾಳು ಎಂದುಕೊಂಡಿದ್ದೆ. “ನಾನೂ ನೋಡಾಕ ಬರ್ಲೇನ್ರಿ?” ಎಂದಳು.

“ನಿನಗ ಬ್ಯಾಸರ ಆಗ್ತೈತಿ.”

ಆದರೂ ಬರುತ್ತಾಳಂತೆ. ಹೆಂಗಸರಿಗೆ ಜಾಗ ಪರದೆಯ ಹಿಂದೆ. ಬಟ್ಟೆಗೆ ನೀರು ಹೊಡೆದರೆ ಆಚೆಗೂ ಚಿತ್ರ ಮೂಡುತ್ತದೆ, ಎಡ ಬಲವಾಗಿ, ಬಲ ಎಡವಾಗಿ. ಈ ಪಿಕ್ಚರಿಗೆ ಅದು ಸಾಕೇ?

೧೧ ಬುಧವಾರ

ಕುಳಿತಲ್ಲಿ ಕೂರಲು ಆಗುತ್ತಿಲ್ಲ. ಬಜಾರು, ಕೋಟೆ, ಮತ್ತೆ ಬಜಾರು. ನಾಳೆ ಜನ ಎದ್ದರೆ? ಎದ್ದರೆ ಜೀವನವೆಲ್ಲ ನಕಲು ಮಾಡುತ್ತ...

೧೨ ಗುರುವಾರ, ಆಟ ಮುಗಿದ ಮೇಲೆ

ಗೆದ್ದೆ. ಥೂ, ಗೆದ್ದೆ.

ಮೊದಲು ಸುಮ್ಮನಿದ್ದರು. ಮುದುಕಿಯ ಮುಖ ಬಂತು. ಆಮೇಲೆ ಸಿಳ್ಳೆ. “ಹಾಡ ಹಾಕ್ರಲೇ!” “ಈ ಮುದಿಕಿನ್ನ ಏನ್ ನೋಡೂದು?” ಮುಂದಿನ ಸಾಲು ಎದ್ದಿತು. ಹಿಂದಿನವರೂ ಚಪ್ಪಲಿ ಹುಡುಕತೊಡಗಿದರು. ಶಫೀಸಾಬರು ತಗಡಿನ ಭೋಂಗಾ ಚಾಚಿದರು. ಇಸಿದುಕೊಂಡೆ.

“ಕುಂದರ್ರಿ! ಮಗ ಎಲ್ಲಿಗೆ ಹೋಗ್ಯಾನ ಗೊತ್ತೈತೇನು? ಹೈದ್ರಾಬಾದಿಗೆ! ಫೌಜದಾರ ಆಗ್ಯಾನ! ಬೆಟ್ಟದಾಚಿ ಒಬ್ಬಾಕಿ ರಾಜಕುಮಾರಿ ಅದಾಳ...”

ಕುಳಿತರು. ನಕ್ಕರು. ಮುದುಕಿಯ ಕೈ ನಿಂತಾಗ “ಅಗೋ, ಕುದರಿ ಸಪ್ಪಳ! ಮಗ ಬಂದ!” ಎಂದು ಕೂಗಿದೆ. ಚಪ್ಪಾಳೆಯೋ ಚಪ್ಪಾಳೆ. ಶಫೀಸಾಬರು ತಬ್ಬಿಕೊಂಡರು. “ಶನಿವಾರ ಕುಷ್ಟಗಿಗೆ ಹೊಂಟೀವಿ. ಗಂಟ ಕಟ್ಟು.”

೧೩ ಶುಕ್ರವಾರ

ಯಮನೂರಮ್ಮ ಇವತ್ತು ರೊಟ್ಟಿ ಬಡಿಯುತ್ತ ಕೇಳಿದಳು:

“ನೀವ್ಯಾಕ ಒದರಿದ್ರಿ?”

“ಜನ ಎದ್ದು ಹೊಂಟಿದ್ರು.”

“ನಮ್ಮ ಕಡಿ ಯಾರೂ ಎದ್ದಿರಲಿಲ್ರಿ. ಆ ಎಡಚಿ ಮುದಿಕಿನ್ನ ನೋಡಕೋತ ಕುಂತಿದ್ವಿ.”

ಮುದುಕಿ ಎಡಚಿಯಲ್ಲ, ಬಲಗೈಯಲ್ಲೇ ನೂಲುತ್ತಾಳೆ. ಆಚೆಯಿಂದ ನೋಡಿದವರಿಗೆ ಹಾಗೆ ಕಂಡಿದೆ. ತಿದ್ದಲು ಬಾಯಿ ತೆರೆದೆ. ಅವಳು ಬಿಡಲಿಲ್ಲ.

“ಮಗ ಬರಂಗಿಲ್ಲ ಅಂತ ಆಕಿಗೆ ತಿಳೀತು, ಅದಕ್ಕ ಕೈ ನಿಂತು. ಬಾಜೂಕ ಕುಂತಿದ್ದ ಮಾರೆವ್ವ ಸೆರಗ ಬಾಯಿಗಿಟ್ಟಕೊಂಡು ಅಳಾಕತ್ತಿದ್ಲು. ಅಷ್ಟರಾಗ ನೀವು, ಮಗ ಬಂದ ಅಂತ... ಯಾಕ್ರಿ ಸುಳ್ಳ ಹೇಳಿದ್ರಿ?”

ಇಂಥ ಪಿಕ್ಚರು ನೋಡುವವರು ಒಬ್ಬರಾದರೂ ಸಿಗಲಿ ಎಂದು ಎಷ್ಟು ವರ್ಷ ಒದ್ದಾಡಿದೆ! ಅರ್ಧ ಡೇರೆಯೇ ಇತ್ತು. ಬಟ್ಟೆಯ ಆಚೆ ಕುಳಿತಿತ್ತು. ನಾಚಿಕೆಯಾಗುತ್ತಿದೆ.

೧೪ ಶನಿವಾರ, ಬೆಳಗ್ಗೆ

ಗಾಡಿ ಬಾಗಿಲಿಗೆ ಬಂದಿದೆ. ಬರುತ್ತೇನೆ, ಭೋಂಗಾ ಹಿಡಿಯುವುದಿಲ್ಲ ಎಂದೆ. ಶಫೀಸಾಬರು ನಕ್ಕುಬಿಟ್ಟರು. “ಭೋಂಗಾ ಇಲ್ಲಂದ್ರ ನೀ ನನಗ್ಯಾಕೋ ತಮ್ಮಾ? ಪಿಕ್ಚರ ಟ್ರಂಕಿನ್ಯಾಗ ಬಿದ್ದಿರ್ತೈತಿ. ಲಗೂನ ಹೇಳು.”

ಒಳಗೆ ಬಂದು ಇದನ್ನು ಗೀಚುತ್ತಿದ್ದೇನೆ. ಯಮನೂರಮ್ಮ ಬುತ್ತಿ ಹಿಡಿದು ನಿಂತಿದ್ದಾಳೆ. ಹೋಗು ಎನ್ನುವುದಿಲ್ಲ, ಬೇಡ ಎನ್ನುವುದಿಲ್ಲ. “ಅಲ್ಲೂ ಹೆಣ್ಣಮಕ್ಕಳು ಹಿಂದ ಕುಂದರ್ತಾರಲ್ರಿ” ಎಂದಳು, ಅಷ್ಟೇ.

ಮೊದಲಿಗೆ ಏನು ಬೇಕಾದರೂ ಹೇಳುತ್ತೇನೆ. ಫೌಜದಾರ, ರಾಜಕುಮಾರಿ, ಏನು ಬೇಕಾದರೂ. ಮುದುಕಿಯ ಕೈ ನಿಲ್ಲುವಾಗ ಮಾತ್ರ ಬಾಯಿ ಮುಚ್ಚುತ್ತೇನೆ. ಒಪ್ಪುತ್ತಾರೋ ಇಲ್ಲವೋ... ಎತ್ತು ಹೂಡಿದರು. ಕೇಳಿಯೇ ಬಿಡುತ್ತೇನೆ: “ಶಫೀಸಾಬ್, ಕೊನೀ ರೀಲ ಒಂದ ಭೋಂಗಾ ಇಲ್ಲದ—”