ತಿರುವದ ಹಾಳೆ

೨೩ ಜನವರಿ, ಶುಕ್ರವಾರ. ಹಾವೇರಿ

ಇವತ್ತು ಅತ್ತೆಗೆ ಸುಳ್ಳು ಓದಿ ಹೇಳಿದೆ. ಅದು ತಪ್ಪೇ ಎಂದು ಸಂಜೆಯಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಅವರ ಕಣ್ಣಿನ ಆಪರೇಷನ್ ಆದಾಗಿನಿಂದ ದಿನಾ ಮಧ್ಯಾಹ್ನ ನನ್ನ ಇಂಗ್ಲಿಷ್ ಕಾದಂಬರಿಯನ್ನು ಕನ್ನಡ ಮಾಡಿ ಹೇಳುತ್ತಿದ್ದೆ. ಸ್ಕಾಟ್‌ಲೆಂಡಿನ ಬೆಟ್ಟಗಳಲ್ಲಿ ಎರಡು ಮನೆತನಗಳ ಹಗೆ, ನಡುವೆ ಒಬ್ಬ ಹುಡುಗ, ಒಬ್ಬಳು ಹುಡುಗಿ. ದನ ಕದ್ದದ್ದೇ ಜಗಳದ ಮೂಲ ಎಂದಾಗ ಅತ್ತೆ, "ಅವರ ಜಗಳಕ್ಕ ಒಂದ್ ಕಾರಣರ ಐತಿ," ಎಂದಿದ್ದರು. ಐರಣಿಯ ಫಕ್ಕೀರಪ್ಪನವರ ಮನೆಯೊಂದಿಗೆ ನಮಗೆ ಮೂವತ್ತು ವರ್ಷದಿಂದ ಮಾತಿಲ್ಲ. ಅವರಲ್ಲಿಯ ಮದುವೆಯಲ್ಲಿ ಮಾವನವರನ್ನು ಮೊದಲ ಪಂಕ್ತಿಗೆ ಕರೆಯಲಿಲ್ಲವೆಂದು. ನನ್ನ ಮಗಳು ಸ್ನೇಹಾ ಮೆಚ್ಚಿರುವುದು ಅವರ ಮೊಮ್ಮಗನನ್ನೇ. ಅತ್ತೆ ಹೂಂ ಅನ್ನದೆ ಈ ಮದುವೆ ನಡೆಯುವುದಿಲ್ಲ.

ಪುಸ್ತಕದಲ್ಲಿ ಹುಡುಗಿಯ ಅಜ್ಜಿ ಹಟ ಬಿಡದೆ ಸಾಯುತ್ತಾಳೆ. ನಾನು ಅವಳನ್ನು ಕುದುರೆ ಹತ್ತಿಸಿ ಹಗೆಯವರ ಕೋಟೆಗೆ ಕಳಿಸಿದೆ, ಅವರ ಕೈಯ ನೀರು ಕುಡಿಸಿದೆ.

ಅತ್ತೆ ಪೂರ್ತಿ ಕೇಳಿದರು. ಆಮೇಲೆ, "ಶೈಲಾ, ಇಷ್ಟೊತ್ತು ಹೇಳಿದಿ, ಒಂದ್ ಹಾಳಿ ತಿರುವಿದ ಸಪ್ಪಳ ಬರಲಿಲ್ಲಲ," ಎಂದರು.

ನಾನು ಪುಸ್ತಕ ಮುಚ್ಚಿಟ್ಟೆ. ಅತ್ತೆಯೇ ಮುಂದುವರಿಸಿದರು:

"ಕುದರಿ ಏರೂದು ನನ್ನ ಕೈಲೆ ಆಗಂಗಿಲ್ಲ. ರವಿವಾರಕ್ಕ ಕಾರ್ ಹೇಳು, ಐರಣಿಗೆ ಹೋಗಿ ಬರೂಣು. ಆದ್ರ ಊಟಕ್ಕ ನಾ ಮೊದಲನೇ ಪಂಕ್ತಿಗೇ ಕುಂದ್ರಾಕಿ."

ಸ್ನೇಹಾಗೆ ಫೋನಿನಲ್ಲಿ ಹೇಳಿದೆ. ಕೊನೆಯ ಅಧ್ಯಾಯ ಇನ್ನೂ ಓದಿಲ್ಲ. ಓದಬೇಕೆ? ಎಷ್ಟೋ ದಿನಗಳ ಮೇಲೆ ತಾನಾಗಿಯೇ ನಿದ್ದೆ ಬರುತ್ತಿದೆ, ನಾಳೆ