ಹೊಳೆಯ ಆಚೆ, ಈಚೆ

ಜೂನ್ 9, ಮಂಗಳವಾರ

ನನ್ನ ಚೂಟಿಗೆ,

ಅಮ್ಮನ ಅಕ್ಕರೆಯ ನೆನಪುಗಳು. ಅಳಿಯಂದಿರು ಹೇಗಿದ್ದಾರೆ? ಸಣ್ಣಿ ಹಾಲು ಕುಡಿದು ಮಲಗುತ್ತಾಳೆಯೇ? ಈ ಪತ್ರ ಐದು ದಿನ ತಡವಾಯಿತು, ಬೈಯಬೇಡ. ಮೂರು ಸಲ ಬರೆಯಲು ಕೂತೆ. ಮೂರು ಸಲವೂ ‘ನಾನು ಕ್ಷೇಮ’ ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಅವತ್ತು ಫೋನಿನಲ್ಲಿ ನೀನು, “ಅಮ್ಮಾ, ಇವಳನ್ನ ನೋಡಿದ್ರೆ ಯಾರ ಮಗುನೋ ಅನ್ಸುತ್ತೆ. ನಾನಿಲ್ದೇ ಇದ್ರೆ ಇವ್ರಿಬ್ರೂ ಆರಾಮಾಗಿರ್ತಾರೆ ಅನ್ಸುತ್ತೆ” ಎಂದೆ. ನಾನು ಏನೆಂದೆ? “ಎಲ್ರಿಗೂ ಹಾಗೇ ಕಣೇ, ಸ್ವಲ್ಪ ನಿದ್ದೆ ಮಾಡು, ಒಲೆ ಮೇಲೆ ಹಾಲಿಟ್ಟಿದ್ದೀನಿ” ಎಂದು ಫೋನ್ ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲೂ ಇರಲಿಲ್ಲ, ನೀರೂ ಇರಲಿಲ್ಲ. ಒಲೆಯೇ ಹಚ್ಚಿರಲಿಲ್ಲ. ಆಮೇಲೆ ಅಳಿಯಂದಿರಿಗೆ ಫೋನ್ ಮಾಡಿ, “ಅವಳನ್ನ ಒಂಟಿಯಾಗಿ ಬಿಡಬೇಡಿ” ಎಂದಷ್ಟೇ ಹೇಳಿದೆ. ಪಾಪ, ಯಾಕೆ ಎಂದೂ ಕೇಳದೆ ಬಸ್ಸಿನ ಕೆಲಸಕ್ಕೆ ರಜೆ ಹಾಕಿದರು. ನಿನ್ನೆ ಮತ್ತೆ ಮಾತಾಡಿದೆ. ನಾಳೆ ಅವರು ನಿನ್ನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಸಣ್ಣಿಗೆ ತೋರಿಸುವುದಕ್ಕಲ್ಲ, ನಿನಗೇ. ಹಟ ಮಾಡದೆ ಹೋಗು. ಅಷ್ಟರಲ್ಲಿ ತಲುಪಲಿ ಎಂದು ಈ ಕಾಗದವನ್ನು ಇವತ್ತಿನ ಬಸ್ಸಿನಲ್ಲೇ ಕಳಿಸುತ್ತೇನೆ. ಫೋನಿನಲ್ಲಿ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತೇನೆ.

ನೀನು ಹುಟ್ಟಿದಾಗ ನನಗೆ ಇಪ್ಪತ್ತನಾಲ್ಕು. ಅಲ್ಲಿಯವರೆಗೆ ಲಾಂಡ್ರಿಯಲ್ಲಿ ನಿಂತೇ ದುಡಿದವಳು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದವು. ದೊಡ್ಡ ಉರುಳೆಯ ಒಂದು ಬದಿಯಲ್ಲಿ ಒದ್ದೆ ಬಟ್ಟೆ ತೂರಿಸಿದರೆ, ಇನ್ನೊಂದು ಬದಿಯಲ್ಲಿ ಬಿಸಿಬಿಸಿಯಾಗಿ ಹಪ್ಪಳದ ಹಾಗೆ ಹೊರಬರುತ್ತಿತ್ತು. ನೀನು ಬಂದ ಮೇಲೆ ಕೆಲವು ತಿಂಗಳು ಮನೆಯಲ್ಲಿದ್ದೆ. ಆದರೆ ಆ ಹಬೆ ನನ್ನ ಹಿಂದೆಯೇ ಮನೆಗೆ ಬಂದಿತ್ತು. ಎಲ್ಲವೂ ಹಬೆಯ ಆಚೆಗಿರುತ್ತಿತ್ತು. ನಿನ್ನ ಅಳು ಪಕ್ಕದ ಮನೆಯಿಂದ ಕೇಳಿದ ಹಾಗೆ. ನಿನಗೆ ಹಾಲು ಕೊಡುವ ಕೈ ಬೇರೆ ಯಾರದ್ದೋ, ಅದರ ಬಳೆ ಮಾತ್ರ ನನ್ನದು. ಬೆಳಿಗ್ಗೆಯೋ ಸಂಜೆಯೋ ತಿಳಿಯುತ್ತಿರಲಿಲ್ಲ. ಕಿಟಕಿಯ ಬೆಳಕು ಗೋಡೆಯ ಮೇಲೆ ಒಂದು ಗೇಣು ಸರಿದರೆ, ಒಂದು ದಿನ ಹೋಯಿತು ಅಂದುಕೊಳ್ಳುತ್ತಿದ್ದೆ.

ನಿನ್ನ ಅಜ್ಜಿ, “ನಾಲ್ಕು ಹೆತ್ತಿದ್ದೀನಮ್ಮ, ನಂಗೇನೂ ಆಗ್ಲಿಲ್ಲ” ಎನ್ನುತ್ತಿದ್ದರು. ಕೆಟ್ಟವರಲ್ಲ, ಕಂಡದ್ದು ಅಷ್ಟೇ. ನಿನ್ನ ಅಪ್ಪ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವರು. ಇಡೀ ಪುಸ್ತಕದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೂ ಹಿಡಿಯುವ ಕಣ್ಣು. ಎದುರಿಗೆ ಕೂತ ಹೆಂಡತಿ ಪೂರ್ತಿ ಅಳಿಸಿಹೋಗಿದ್ದು ಮಾತ್ರ ಕಾಣಲಿಲ್ಲ. “ಸ್ವಲ್ಪ ಸುಸ್ತು ಅಲ್ವಾ?” ಎನ್ನುತ್ತಿದ್ದರು. ನಾನೂ “ಹ್ಞೂಂ” ಎನ್ನುತ್ತಿದ್ದೆ.

ನಿನಗೆ ಆರು ವಾರ ತುಂಬಿದ ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ನಿನ್ನನ್ನು ಎತ್ತಿಕೊಂಡು ಚಪ್ಪಲಿ ಹಾಕಿಕೊಂಡು ಹೊರಟೆ. ಎಲ್ಲಿಗೆ ಎಂದು ನನಗೇ ಗೊತ್ತಿರಲಿಲ್ಲ. ಹೊಳೆ ದಾಟಿಸುವ ಲಾಂಚ್ ನಿಂತಿತ್ತು, ಹತ್ತಿದೆ. ಅದರ ಇಂಜಿನ್ನಿನ ಗುಡುಗುಡುವಿನಲ್ಲಿ ನಿನ್ನ ಅಳು ಮುಳುಗಿಹೋಯಿತು. ಆಮೇಲೆ ನೀನೂ ನಿದ್ದೆ ಹೋದೆ. ನೀರು, ಆಕಾಶ, ಎರಡೂ ಒಂದೇ ಬಿಳುಪು. ಎರಡು ದಡಗಳಲ್ಲೂ ಒಂದೇ ತರಹದ ತಗಡಿನ ಮಾಡು, ಒಂದೇ ತರಹದ ಬೆಂಚು. ಆಚೆ ಇಳಿದರೆ ಈಚೆ ಬಂದ ಹಾಗೇ. ನಾನು ಇಳಿಯುವುದು, ಮತ್ತೆ ಹತ್ತುವುದು. ಹೀಗೆ ಆರು ಸಲ ದಾಟಿದೆ. ವಾರಗಟ್ಟಲೆ ನನ್ನ ತಲೆಯೊಳಗಿದ್ದ ಸದ್ದು ನಿಂತದ್ದು ಅವತ್ತೇ.

ಲಾಂಚಿನಲ್ಲಿ ಟಿಕೆಟ್ ಕೊಡುವವಳು ಒಬ್ಬ ದಪ್ಪನೆಯ ಹೆಂಗಸು. ಎಲ್ಲರೂ ಅವಳನ್ನು ಟಿಕೆಟಕ್ಕ ಎನ್ನುತ್ತಿದ್ದರು. ಕೊನೆಗೆ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. “ಎಲ್ಲಿಗೆ ಹೋಗ್ಬೇಕಮ್ಮ ನೀನು?” ಎಂದಳು. “ಗೊತ್ತಿಲ್ಲ” ಎಂದೆ. “ಸರಿ, ಹಾಗಾದ್ರೆ ನಾನೇ ಕರ್ಕೊಂಡು ಹೋಗ್ತೀನಿ” ಎಂದು ಟಿಕೆಟ್ಟಿನ ಚೀಲವನ್ನು ಡ್ರೈವರನ ಮಡಿಲಿಗೆ ಎಸೆದು, ದಡದ ಮೇಲಿದ್ದ ಆಸ್ಪತ್ರೆಗೆ ನಡೆಸಿಕೊಂಡು ಹೋದಳು. ನೀನು ಅವಳ ಹೆಗಲ ಮೇಲಿದ್ದೆ.

ಅಲ್ಲಿನ ಡಾಕ್ಟರಮ್ಮ ಊಟದ ಡಬ್ಬಿ ಮುಚ್ಚಿಟ್ಟು ಬಂದರು. ನಿನ್ನೆ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಎಂದು ಕೇಳಿದರು. ನನಗೆ ನಿನ್ನೆ ಎಂಬುದೇ ನೆನಪಿರಲಿಲ್ಲ. ಆಮೇಲೆ, ಕೆಮ್ಮು ಇದೆಯಾ ಎಂದು ಕೇಳುವಷ್ಟೇ ಸಲೀಸಾಗಿ, “ಸಾಯ್ಬೇಕು ಅಂತ ಅನ್ಸುತ್ತಾ?” ಎಂದರು. “ಹೌದು” ಎಂದೆ. ಆರು ವಾರದಲ್ಲಿ ನಾನು ಆಡಿದ ಮೊದಲ ನಿಜ ಅದು. ಅವರು ಗಾಬರಿಯಾಗಲಿಲ್ಲ, ಬೈಯಲೂ ಇಲ್ಲ. “ಇದು ಕಾಯಿಲೆ ಕಣಮ್ಮ. ಹೆರಿಗೆ ಆದ್ಮೇಲೆ ಎಷ್ಟೋ ಜನಕ್ಕೆ ಬರುತ್ತೆ. ಜ್ವರ ಬಂದವ್ರನ್ನ ಕೆಟ್ಟವ್ರು ಅಂತೀವಾ? ವಾಸಿಯಾಗುತ್ತೆ” ಎಂದರು.

ವಾಸಿಯಾಯಿತು. ತಟ್ಟನೆ ಅಲ್ಲ. ಹನ್ನೆರಡು ದಿನ ನಿನ್ನ ಜೊತೆಯಲ್ಲೇ ಆಸ್ಪತ್ರೆಯಲ್ಲಿದ್ದೆ. ಆಮೇಲೆ ಮಾತ್ರೆ, ನಿದ್ದೆ, ವಾರಕ್ಕೊಮ್ಮೆ ಡಾಕ್ಟರಮ್ಮನ ಜೊತೆ ಮಾತು. ನಿನ್ನ ಅಪ್ಪ ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಕೂತು ಮಗುವಿನ ಹಾಗೆ ಅತ್ತರು. ಐದನೇ ತಿಂಗಳಲ್ಲಿ ಒಂದು ದಿನ ನೀನು ಸೀನಿ, ನಿನ್ನ ಸೀನಿಗೆ ನೀನೇ ಬೆಚ್ಚಿಬಿದ್ದೆ. ನಾನು ನಕ್ಕೆ. ನಕ್ಕಮೇಲೆ ಗೊತ್ತಾಯಿತು, ನಕ್ಕದ್ದು ನಾನೇ ಎಂದು.

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ನೀನು ಮನೆ ಗುಡಿಸಬೇಡ, ತಲೆ ಬಾಚಬೇಡ, ನಗಬೇಡ. ಬಾಗಿಲು ತೆಗೆದರೆ ಸಾಕು.

ನಿನ್ನ,
ಅಮ್ಮ


ಸೆಪ್ಟೆಂಬರ್ 2, ಬುಧವಾರ

ನನ್ನ ಚೂಟಿಗೆ,

ಸುಖವಾಗಿ ಊರು ಸೇರಿದೆ. ತಲುಪಿದ ಕೂಡಲೇ ಬರೆಯುತ್ತೇನೆ ಎಂದು ಹೇಳಿ ಒಂದು ವಾರವೇ ಆಯಿತು, ಕ್ಷಮಿಸು. ಹನ್ನೊಂದು ವಾರ ಬೀಗ ಹಾಕಿದ್ದ ಮನೆಯಲ್ಲಿ ಜೇಡಗಳು ಸಂಸಾರ ಹೂಡಿದ್ದವು. ಒಕ್ಕಲೆಬ್ಬಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ನಿನ್ನ ಅಪ್ಪ ಇದ್ದಿದ್ದರೆ ಏಣಿ ಹಿಡಿದು ನಿಂತು ಬರೀ ಸಲಹೆ ಕೊಡುತ್ತಿದ್ದರು.

ಲಾಂಡ್ರಿಯಲ್ಲಿ ಹುಡುಗಿಯರೆಲ್ಲ ಸಣ್ಣಿಯ ಫೋಟೋ ನೋಡಿದರು. “ಮೂಗು ಅಜ್ಜಿದೇ” ಎಂದರು. ಬೇಡವೆಂದರೂ ಹಿಗ್ಗಿದೆ. ಅಳಿಯಂದಿರು ಈಗಲೂ ಸ್ನಾನದ ನೀರಿಗೆ ಥರ್ಮಾಮೀಟರ್ ಅದ್ದಿ ನೋಡುತ್ತಾರೆಯೇ? ನಗಬೇಡ. ನೀನು ಗೋಡೆ ನೋಡುತ್ತಾ ಮಲಗಿದ್ದ ಆ ಮೊದಲ ಮೂರು ವಾರಗಳಲ್ಲಿ, ಎಂಟು ಗಂಟೆ ಬಸ್ಸು ಓಡಿಸಿ ಬಂದು, ಸಣ್ಣಿಯನ್ನು ಎದೆಗೆ ಹಾಕಿಕೊಂಡು ಹಜಾರದಲ್ಲಿ ಅವರು ಹಾಕಿದ ಸುತ್ತುಗಳನ್ನು ನಾನು ನೋಡಿದ್ದೇನೆ. “ಈ ರೂಟಲ್ಲಿ ಒಬ್ಳೇ ಪ್ಯಾಸೆಂಜರ್ ಅತ್ತೆ, ಇಳಿಯೋದೇ ಇಲ್ಲ” ಎನ್ನುತ್ತಿದ್ದರು.

ನೀನು ಮೊನ್ನೆ ಎರಡು ಗಂಟೆ ಹೊತ್ತು ಮತ್ತೆ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಿ ಬಂದೆಯಂತೆ, ಯಾರೋ ಮುದುಕರ ಕಣ್ಣು ಪರೀಕ್ಷೆಯನ್ನೂ ಮಾಡಿದೆಯಂತೆ. ಕೇಳಿ ನಾನು ಬಿಸಿ ಬಟ್ಟೆಗಳ ರಾಶಿಯ ಮೇಲೆ ಹಾಗೇ ಕೂತುಬಿಟ್ಟೆ. ಮಾತ್ರೆಯನ್ನು ಮಾತ್ರ, ಚೆನ್ನಾಗಿದ್ದೀನಲ್ಲ ಎಂದು ನೀನಾಗಿಯೇ ನಿಲ್ಲಿಸಬೇಡ. ಡಾಕ್ಟರು ಹೇಳಲಿ. ನಡುವೆ ಒಂದೊಂದು ದಿನ ಹಬೆ ಮತ್ತೆ ಬರುತ್ತದೆ. ಬಂದರೆ ಹೇಳು, ನಾನೂ ಹತ್ತಿರ ಕೂರುತ್ತೇನೆ.

ಹೊರಡುವ ದಿನ ಬಸ್ಸಿನ ಹತ್ತಿರ, “ಆ ಕಾಗದದಲ್ಲಿ ಎಲ್ಲಾ ಬರ್ದಿದ್ದೀಯಾ ಅಮ್ಮಾ?” ಎಂದು ಕೇಳಿದೆ. ನಾನು ಚೀಲದ ಜಿಪ್ಪು ಹಾಕುವ ನೆಪ ಮಾಡಿದೆ.

ಇಬ್ಬರೂ ಹೊಟ್ಟೆ ತುಂಬ ಉಣ್ಣಿ, ಕಣ್ಣು ತುಂಬ ನಿದ್ದೆ ಮಾಡಿ. ಸಣ್ಣಿ ಮನೆ ತುಂಬ ಓಡಾಡುವ ಹಾಗಾಗಲಿ. ನಿನಗೆ ನೂರು ವರ್ಷ ಆಯಸ್ಸಿರಲಿ, ಅದರಲ್ಲಿ ಒಂದು ದಿನವೂ ನಿನಗೆ ಭಾರವಾಗದಿರಲಿ.

ನಿನ್ನ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಲಾಂಚ್ ಹತ್ತಿದ್ದು ಆರು ಸಲ ಅಲ್ಲ, ಏಳು. ಏಳನೆಯ ಸಲ ನೀನು ನನ್ನ ಕೈಯಲ್ಲಿರಲಿಲ್ಲ. ನಿನಗೆ ಹಾಲು ಕುಡಿಸಿ, ಶಾಲಿನಲ್ಲಿ ಸುತ್ತಿ, ಈಚೆ ದಡದ ಬೆಂಚಿನ ಮೇಲೆ ಮಲಗಿಸಿ, ನಾನೊಬ್ಬಳೇ ಲಾಂಚ್ ಹತ್ತಿದೆ. ಹಿಂದುಗಡೆ, ಕಂಬಿಯ ಬದಲು ಬರೀ ಸರಪಳಿ ಕಟ್ಟಿದ್ದ ಕಡೆ ಹೋಗಿ ನಿಂತೆ. ನನಗೆ ದುಃಖವಾಗಲಿಲ್ಲ, ಚೂಟಿ. ಹಗುರವೆನಿಸಿತು. ಇಷ್ಟು ವರ್ಷ ನನ್ನನ್ನು ಕೊರೆದದ್ದು ಅದೇ. ನಡುಹೊಳೆಯಲ್ಲಿ ಟಿಕೆಟಕ್ಕ ಬಂದು “ಮಗು ಎಲ್ಲಿ?” ಎಂದಳು. “ಯಾವ ಮಗು?” ಎಂದೆ.

ಆಗ ಅವಳು ನನ್ನ ಮಣಿಕಟ್ಟು ಹಿಡಿದದ್ದು. ಬಿಡದೆ, ಡ್ರೈವರಿಗೆ “ತಿರುಗ್ಸು!” ಎಂದು ಕೂಗಿದಳು. ಅಷ್ಟು ಜನರನ್ನು ಹೊತ್ತ ಲಾಂಚ್ ನಡುನೀರಿನಲ್ಲಿ ತಿರುಗಿತು. ಬೆಂಚಿನ ಮೇಲೆ ನಿನ್ನ ಪಕ್ಕದಲ್ಲಿ ಯಾರೋ ಒಬ್ಬ ಯಜಮಾನರು ಕೂತು, ನಿನ್ನ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿದಿದ್ದರು. “ಅಳ್ಲಿಲ್ಲಮ್ಮ ಪಾಪ” ಎಂದರು. ನಾನು ಬಗ್ಗಿ ನೋಡಿದೆ. ನೀನು ಆಕಳಿಸಿದೆ. ಹೋದವಳು ಯಾರು, ಬಂದವಳು ಯಾರು, ನಿನಗೇನೂ ತಿಳಿದಿರಲಿಲ್ಲ. ಅವತ್ತು ಕ್ಷಮೆ ಕೇಳೋಣವೆಂದರೆ ನಿನಗಿನ್ನೂ ಮಾತು ಬರುತ್ತಿರಲಿಲ್ಲ. ಈಗ ಬರುತ್ತದೆ. ಕೇಳುತ್ತಿದ್ದೇನೆ.